ಹಿಡಿದವನ ಮಾತು

ನಾನು ಮಾಂಸ ತಿನ್ನುವವನಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ತೆಗೆದರೂ ಅವ್ವ ಮುಖ ಸಿಂಡರಿಸುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ದಯೆಯ ಮಾತು ಕೇಳುತ್ತಲೇ ಬೆಳೆದವನು ನಾನು. ಹೀಗಿದ್ದೂ ಸುಮಾರು ಇಪ್ಪತ್ತೈದು ವರ್ಷ ಬೇಟೆಗೆ ಹೋಗಿದ್ದೇನೆ. ಕೇಳಿದವರು ನಗುತ್ತಾರೆ. ತಿನ್ನೋದಿಲ್ಲ ಅಂದ ಮೇಲೆ ಕೊಲ್ಲಲು ಯಾಕೆ ಹೋಗುತ್ತಿದ್ದೆ ಮಾರಾಯಾ ಎಂದು ಕೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಮರ್ಯಾದೆಯ ಉತ್ತರ ಇಲ್ಲ. ನನ್ನ ಗೆಳೆಯ ಹೋಗುತ್ತಿದ್ದ, ಅದಕ್ಕೆ ನಾನೂ ಹೋಗುತ್ತಿದ್ದೆ, ಅಷ್ಟೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಗರಿ, ಅಂದರೆ ಜಿಂಕೆ, ಹೊಡೆಯುವುದು ಅಪರಾಧ. ಇವತ್ತಲ್ಲ, ನಾವು ಹುಡುಗರಿದ್ದಾಗಲೂ ಅಪರಾಧವೇ ಆಗಿತ್ತು. ನಮಗೆ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಗೆಳೆಯನ ಅಪ್ಪನಿಗೆ ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಇತ್ತು. ಆ ಕಾಗದದ ಮರೆಯಲ್ಲಿ ನಾವು ಏನೇನು ಮಾಡಿದೆವೋ ಅದೆಲ್ಲ ಕಳ್ಳತನವೇ. ಆದರೆ ನಾನು ಇಲ್ಲಿ ಬರೆಯಲು ಕೂತಿದ್ದು ಆ ಅಪರಾಧದ ಬಗ್ಗೆ ಅಲ್ಲ. ಅದಕ್ಕೆ ಕೋರ್ಟು ಇದೆ, ದಂಡ ಇದೆ. ನಾನು ಮಾಡಿದ ಇನ್ನೊಂದು ತಪ್ಪಿಗೆ ಯಾವ ಕೋರ್ಟೂ ಇಲ್ಲ.

ಅತನೂರ ಕಡೆಗೆ ನಮ್ಮ ಹೊಲ, ಅದರ ಬದುವಿಗೇ ಹತ್ತಿಕೊಂಡು ಗೆಳೆಯನ ಮನೆಯವರ ಹೊಲ. ನಾವಿಬ್ಬರೂ ಒಂದೇ ಸಾಲಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ಅವರು ಮನೆಯಲ್ಲಿ ಉರ್ದು ಮಾತಾಡುತ್ತಿದ್ದರು, ನಾನು ಹೋದ ಕೂಡಲೇ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರು. ಅವನ ಅಮ್ಮ ಮಾತ್ರ ಎರಡನ್ನೂ ಕಲಸಿ ಮಾತಾಡುವವಳು. ನನಗೆ ಅಂತಲೇ ಅವರ ಮನೆಯಲ್ಲಿ ಒಂದು ಹಿತ್ತಾಳೆ ಗ್ಲಾಸು, ಒಂದು ತಾಟು ಬೇರೆ ಇಟ್ಟಿದ್ದಳು. ಅವುಗಳಲ್ಲಿ ಯಾರೂ ಮಾಂಸ ಹಾಕಿ ಉಣ್ಣುವಂತಿರಲಿಲ್ಲ. ಒಮ್ಮೆ ಗೆಳೆಯ ಮರೆತು ಆ ತಾಟಿನಲ್ಲಿ ಖೀಮಾ ಬಡಿಸಿಕೊಂಡಾಗ ಅಮ್ಮ ಅದನ್ನು ಮೂರು ಸಲ ಬೂದಿ ಹಚ್ಚಿ ತಿಕ್ಕಿದಳು, ಆಮೇಲೂ ಸಮಾಧಾನವಾಗದೆ ನನಗೆ ಹೊಸದು ತರಿಸಿದಳು. ನಾನು ನೋಡಿರಲೂ ಇಲ್ಲ. ಹೇಳದೇ ಇದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೂ ಕರೆದು ಹೇಳಿದಳು.

ಗಾಯಗೊಂಡ ಬೇಟೆಯ ವಿಷಯಕ್ಕೆ ನಮ್ಮ ಕಡೆ ಹಳೆಯ ಬೇಟೆಗಾರರಲ್ಲಿ ಒಂದು ರಿವಾಜು ಇತ್ತು. ಮೊದಲ ಪೆಟ್ಟು ಯಾರದೋ ಬೇಟೆ ಅವರದು. ಗಾಯವಾದ ಪ್ರಾಣಿ ಓಡಿ ಬಂದು ಇನ್ನೊಬ್ಬನ ಕೈಗೆ ಸಿಕ್ಕರೆ, ಅವನು ಮೊದಲು ಕೂಗಿ ಕರೆಯಬೇಕು. ಹೊಡೆದವನು ಓ ಅಂದರೆ ಕಾಯಬೇಕು. ಓ ಅನ್ನದಿದ್ದರೆ ಮಾತ್ರ ಮುಗಿಸಬಹುದು. ಮುಗಿಸಿದರೂ ತಲೆ, ತೊಗಲು ಹೊಡೆದವನ ಮನೆಗೆ ಮುಟ್ಟಿಸಬೇಕು, ತಾನೊಂದು ತೊಡೆ ಇಟ್ಟುಕೊಳ್ಳಬಹುದು. ಗೆಳೆಯನ ಅಪ್ಪ ಇದಕ್ಕೆ ತನ್ನ ಮನೆಯ ಒಂದು ನಿಯಮ ಸೇರಿಸಿದ್ದ. ನಮ್ಮ ಬಂದೂಕಿಗೆ ಬಿದ್ದದ್ದಕ್ಕೆ ನಮ್ಮ ಚೂರಿಯೇ ಆಗಬೇಕು. ಗುಂಡಿಗೆ ಸತ್ತದ್ದು, ಕೋಲಿಗೆ ಸತ್ತದ್ದು, ಕಲ್ಲಿಗೆ ಸತ್ತದ್ದು ಅವರಿಗೆ ಹರಾಮು. ಜೀವ ಇರುವಾಗಲೇ ದೇವರ ಹೆಸರು ಹೇಳಿ ಕೊರಳು ಕೊಯ್ಯಬೇಕು. ಅದಕ್ಕಿಂತ ಮೊದಲು ಜೀವ ಹೋದರೆ ಅದು ನರಿ ನಾಯಿಗಳ ಪಾಲು. ಯಾರ ತಪ್ಪೂ ಅಲ್ಲ, ಕೈ ತೊಳೆದುಕೊಂಡು ಮನೆಗೆ ಬಂದುಬಿಡುವುದು.

ಹಾಗಾಗಿ ನನ್ನ ಕೆಲಸ ಹಿಡಿಯುವುದು. ಬಿದ್ದ ಪ್ರಾಣಿಯ ಹತ್ತಿರ ಮೊದಲು ಓಡುವವನು ನಾನು. ಕಾಲು ಒತ್ತಿ ಹಿಡಿದು, ಮುಖವನ್ನು ಅವರ ನಮಾಜಿನ ದಿಕ್ಕಾದ ಪಡುವಲಕ್ಕೆ ತಿರುಗಿಸಿ, ಬಾಟಲಿ ಇದ್ದರೆ ಬಾಯಿಗೆ ಎರಡು ಹನಿ ನೀರು ಬಿಟ್ಟು, ಚೂರಿ ಬರುವ ತನಕ ಕಾಯಬೇಕು. ಗೆಳೆಯ ಬರುವಾಗ ಚೂರಿ ಬೆನ್ನ ಹಿಂದೆ ಹಿಡಿದು ಬರುತ್ತಿದ್ದ. ಪ್ರಾಣಿಗೆ ಚೂರಿ ತೋರಿಸಬಾರದು ಎಂದು ಅವನ ಅಪ್ಪ ಕಲಿಸಿದ್ದ. ಅದಕ್ಕೆ ಗುಂಡು ತೋರಿಸಿದ್ದು ಸಾಲದೇನೋ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮನ ವಿಚಾರಣೆ. ಕೊಯ್ಯುವಾಗ ಜಾನ್, ಅಂದರೆ ಜೀವ, ಇತ್ತೇ ಎಂದು ಮಗನನ್ನು ಕೇಳುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದಳು.

"ಬೇಟಾ, ಜಾನ್ ಇತ್ತಾ?"

"ಇತ್ತಮ್ಮಾ."

"ಬಸ್."

ಮಗ ಎದುರಿಗಿರುವಾಗ ನನ್ನನ್ನೇಕೆ ಕೇಳುತ್ತಿ ಎಂದು ಒಮ್ಮೆ ಕೇಳಿದ್ದೆ. "ಕೊಯ್ಯೋನ ಕಣ್ಣು ಚೂರಿ ಮ್ಯಾಲ ಇರ್ತದ. ನೀ ಹಿಡದಿರ್ತಿ, ಜಾನ್ ಅದನೋ ಇಲ್ಲೋ ನಿನ್ನ ಕೈಗೇ ಗೊತ್ತು. ಮತ್ತ ನೀ ತಿನ್ನಾಂವ ಅಲ್ಲ. ತಿನ್ನದಾಂವಗ ಸುಳ್ಳು ಹೇಳಿ ಏನು ಸಿಗ್ತದ?" ಎಂದಳು. ಆ ಮಾತು ಕೇಳಿ ನನಗೆ ಆದ ಹೆಮ್ಮೆ ಸಣ್ಣದಲ್ಲ. ನನ್ನ ಒಂದು ಮಾತಿನ ಮೇಲೆ ಒಂದು ಮನೆ ಊಟಕ್ಕೆ ಕೂರುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎಮ್ಮೆಯೂ ಏಳುತ್ತಿರಲಿಲ್ಲ.

ಕಾಲ ಬದಲಾಯಿತು. ಅವನ ಅಪ್ಪ ತೀರಿಕೊಂಡ. ಅಲ್ಲಲ್ಲಿ ಕೇಸುಗಳಾದವು, ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದು ಹಾಕಿ ಸಿಕ್ಕಿಬಿದ್ದರು. ನಾವು ಹೆದರಿ ಬಿಟ್ಟೆವು. ಬಿಟ್ಟದ್ದು ಹೆದರಿಕೆಯಿಂದ, ಒಳ್ಳೆಯತನದಿಂದಲ್ಲ. ಹೀಗೆ ಆರು ವರ್ಷ ಬಂದೂಕು ಗೋಡೆಯ ಮಾಡದಲ್ಲೇ ಇತ್ತು.

ಆ ಚಳಿಗಾಲ ಅಮ್ಮನಿಗೆ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಳು. ಜ್ವರ ಬಿಟ್ಟರೂ ಊಟ ಸೇರಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಅಲ್ಲೇ ತಿರುವುತ್ತ ಕೂರುವಳು. ಕೋಳಿ ತಂದರು, ಬೇಡ. ಕುರಿ ತಂದರು, ವಾಸನೆ ಎಂದಳು. ಕೈಯ ಬಳೆಗಳು ಮೊಣಕೈ ತನಕ ಜಾರುವ ಹಾಗೆ ಒಣಗಿಬಿಟ್ಟಿದ್ದಳು. ಒಂದು ದಿನ ಸುಮ್ಮನೆ, ಯಾರಿಗೂ ಅಲ್ಲ ಎಂಬಂತೆ, "ನಿಮ್ಮ ಅಬ್ಬಾ ಇದ್ದಾಗ ಚಿಗರಿ ತರ್ತಿದ್ರು. ಅದರ ಸಾರಿಗಿ ಬ್ಯಾರೇನೇ ರುಚಿ" ಎಂದಳು. ಬೇಕು ಎನ್ನಲಿಲ್ಲ. ಆದರೆ ಮಗ ಕೇಳಿಸಿಕೊಂಡಿದ್ದ.

ಮರುದಿನ ನನ್ನ ಹೊಲಕ್ಕೆ ಬಂದು ಬದುವಿನ ಮೇಲೆ ಕೂತ. ಬಹಳ ಹೊತ್ತು ತೊಗರಿಯ ಮಾತಾಡಿದ. ಕೊನೆಗೆ, "ಒಂದೇ ಸಲ, ದೋಸ್ತಾ. ಅಮ್ಮನ ಸಲುವಾಗಿ. ಆಮ್ಯಾಲ ಬಂದೂಕು ಠಾಣೆಗಿ ಒಯ್ದು ಕೊಟ್ಟುಬಿಡ್ತೇನಿ" ಎಂದ. ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಆ ಹೆಂಗಸು ನನಗೆ ಎಷ್ಟು ವರ್ಷ ಬೇರೆ ತಾಟಿನಲ್ಲಿ ಬಡಿಸಿದ್ದಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಹಳೆಯ ಚಪಲ. ಅದನ್ನೂ ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಬೋರಿನ ಮೋಟಾರು ನೋಡಿ ಬರುತ್ತೇನೆ ಎಂದು ಹೇಳಿ, ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಕಾಲುವೆಯ ಆಚೆ ಕಡಲೆ ಹೊಲ, ಈಚೆ ಕೊಯ್ದ ತೊಗರಿಯ ಕೂಳೆ. ಚಿಗರಿಗಳು ದಿನಾ ಬೆಳಿಗ್ಗೆ ಕಡಲೆ ಮೇಯಲು ಬರುತ್ತಿದ್ದವು. ಗೆಳೆಯ ಆಚೆ ಬದಿಯಲ್ಲಿ ತೊಗರಿ ಬಣವೆಯ ಮರೆಗೆ ಕೂತ. ನಾನು ಈಚೆ, ದಾರಿಯ ಮೇಲೆ ಕಣ್ಣಿಟ್ಟು ಕೂತೆ. ನೆಲ ಮಂಜಿಗೆ ಒದ್ದೆಯಾಗಿ ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡಿತ್ತು.

ಒಂದೇ ಗುಂಡು ಹಾರಿತು. ಹಿಂಡು ಚದುರಿತು. ಆದರೆ ಆರು ವರ್ಷದಲ್ಲಿ ಅವನ ಕೈ ಕೆಟ್ಟಿತ್ತು. ಗುಂಡು ಎದೆಗೆ ಬೀಳುವ ಬದಲು ಹಿಂದೆ ಸೊಂಟಕ್ಕೂ ಹೊಟ್ಟೆಗೂ ನಡುವೆ ಬಿದ್ದಿತ್ತು. ಪ್ರಾಯದ ಗಂಡು ಚಿಗರಿ, ಹಿಂಗಾಲು ಎಳೆದುಕೊಂಡೇ ಕಾಲುವೆಗೆ ಹಾರಿ, ಈಜಿ, ನನ್ನ ಕಡೆಯ ದಂಡೆ ಹತ್ತಿ, ಹತ್ತು ಹೆಜ್ಜೆ ಬಂದು ಬಿತ್ತು. ಕಾಲುವೆಯಲ್ಲಿ ಎದೆಮಟ್ಟದ ನೀರು, ಸೆಳೆತ ಬೇರೆ. ದಾಟಲು ಸೇತುವೆ ಅರ್ಧ ಮೈಲು ದೂರ. ಅದಕ್ಕೂ ಮೊದಲು ಅವನು ಬಂದೂಕನ್ನು ಬಣವೆಯೊಳಗೆ ಅಡಗಿಸಬೇಕು.

"ಹಿಡಿ! ಬಂದೆ!" ಎಂದು ಆಚೆಯಿಂದ ಕೂಗಿದ.

ನಾನು ಹಿಡಿದೆ. ಮೊಣಕಾಲು ಭುಜಕ್ಕೆ ಒತ್ತಿ, ಒಂದು ಕೈಯಲ್ಲಿ ಕೊಂಬು ಹಿಡಿದು, ಮುಖ ಪಡುವಲಕ್ಕೆ ತಿರುಗಿಸಿದೆ. ಹೊಟ್ಟೆಯ ಗಾಯದ ಕಡೆ ನೋಡಬಾರದು ಎಂದುಕೊಂಡೆ, ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಚಿಗರಿ ಅರಚುವುದನ್ನು ಕೇಳಿದವರು ಕಡಿಮೆ. ಆಡಿನ ಮರಿ ತಾಯಿಯನ್ನು ಕರೆಯುವ ಹಾಗೆ ಅರಚುತ್ತದೆ, ಉಸಿರು ಎಳೆದುಕೊಂಡು ಮತ್ತೆ ಅರಚುತ್ತದೆ. ಹಿಂದೆಲ್ಲ ಎರಡು ನಿಮಿಷದೊಳಗೆ ಚೂರಿ ಬರುತ್ತಿತ್ತು. ಇವತ್ತು ಐದು ನಿಮಿಷವಾಯಿತು, ಹತ್ತಾಯಿತು. ಗೆಳೆಯ ಕಾಲುವೆಯ ಆಚೆ ದಂಡೆಯ ಮೇಲೆ ಏದುತ್ತ ಓಡುವುದು ಸಣ್ಣದಾಗಿ ಕಾಣುತ್ತಿತ್ತು. ಅವನಿಗೂ ವಯಸ್ಸಾಗಿತ್ತು.

ಆಗಲೇ ದಾರಿಯ ಕಡೆಯಿಂದ ಇಂಜಿನಿನ ಸಪ್ಪಳ ಬಂತು.

ಫಾರೆಸ್ಟಿನವರ ಜೀಪು ಎಂದುಕೊಂಡೆ. ಗುಂಡಿನ ಸಪ್ಪಳ ಕೇಳಿ ಯಾರೋ ಫೋನು ಮಾಡಿದ್ದಾರೆ, ಈಗ ಬರುತ್ತಾರೆ, ಚಿಗರಿಯ ಮೇಲೆ ಮೊಣಕಾಲೂರಿ ಕೂತ ನನ್ನ ಫೋಟೋ ತೆಗೆಯುತ್ತಾರೆ, ಕೊರಳಲ್ಲಿ ಲಿಂಗ ಬೇರೆ. ಅಂಗೈಯಿಂದ ಅದರ ಬಾಯಿ ಮುಚ್ಚಿದೆ. ಅದು ಇನ್ನೂ ಜೋರಾಗಿ ಕೊಸರಿತು. ಪಕ್ಕದಲ್ಲಿ ಬದುವಿನ ಕಲ್ಲೊಂದು ಕೈಗೆ ಸಿಕ್ಕಿತು. ಹೆಗಲ ಮೇಲಿನ ಟವೆಲ್ಲನ್ನು ಅದಕ್ಕೆ ಸುತ್ತಿದೆ. ಕಿವಿಯ ಹಿಂದೆ ಎರಡು ಸಲ ಹೊಡೆದೆ. ಎರಡನೆಯದಕ್ಕೆ ಎಲ್ಲ ನಿಂತಿತು.

ಕೊಂಬಿನ ಮೇಲೆ ಇಟ್ಟ ನನ್ನ ಕೈಗೆ ಅದು ಗೊತ್ತಾಯಿತು. ಅಮ್ಮ ಹೇಳಿದಂತೆಯೇ, ಕೈಗೇ ಗೊತ್ತಾಯಿತು.

ದಾರಿಯಲ್ಲಿ ಹೋದದ್ದು ಕರಜಗಿ ಕಡೆಯಿಂದ ಭೂಸನೂರ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರು. ಡ್ರೈವರು ಈ ಕಡೆ ನೋಡಲೂ ಇಲ್ಲ. ಟೇಪಿನಲ್ಲಿ ಹಾಡು ಹಚ್ಚಿಕೊಂಡು ಹೋದ.

ನೋವು ನೋಡಲಾಗದೆ ಕೊಂದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಸುಳ್ಳೇನಿಲ್ಲ, ನೋಡಲಾಗುತ್ತಿರಲಿಲ್ಲ. ಆದರೆ ಕಲ್ಲು ಎತ್ತಿದ್ದು ಅದು ಅರಚಲು ಶುರು ಮಾಡಿದಾಗ ಅಲ್ಲ, ಟ್ರ್ಯಾಕ್ಟರಿನ ಸಪ್ಪಳ ಕೇಳಿದಾಗ. ದಯೆಗೆ ಹತ್ತು ನಿಮಿಷ ಸಾಲಲಿಲ್ಲ, ಹೆದರಿಕೆಗೆ ಒಂದು ಗಳಿಗೆ ಸಾಕಾಯಿತು. ನನ್ನನ್ನು ನಾನು ಒಳ್ಳೆಯವನೆಂದು ನಂಬಿಸಲು ಹೋದಾಗಲೆಲ್ಲ ಇದು ಅಡ್ಡ ಬರುತ್ತದೆ.

ಕಲ್ಲನ್ನು ಕಾಲುವೆಗೆ ಎಸೆದು ಟವೆಲ್ಲು ಕೊಡವುತ್ತಿದ್ದೆ. ಗೆಳೆಯ ಅಷ್ಟರಲ್ಲಿ ಸೇತುವೆ ದಾಟಿ ಈಚೆ ದಂಡೆಗೆ ಬಂದಿದ್ದ. ದೂರದಿಂದಲೇ ಕೂಗಿದ.

"ಜಾನ್ ಅದ ಏನಲೇ?"

"ಅದ! ಲಗೂ ಬಾ!"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರಾಣೆ ನನಗೆ ಗೊತ್ತಿಲ್ಲ. ಸತ್ತಿತು ಎಂದರೆ ಮುಗಿದು ಹೋಗುತ್ತಿತ್ತು. ಆದರೆ ಸತ್ತಿತು ಎಂದರೆ ಅಮ್ಮನ ಸಾರು ಇಲ್ಲ. ಒಂದು ಜೀವ ಹೋದದ್ದು ವ್ಯರ್ಥ. ನಾಳೆ ಮತ್ತೊಂದಕ್ಕೆ ಮತ್ತೆ ಇಲ್ಲಿ ಬಂದು ಕೂರಬೇಕು. ಇದನ್ನೆಲ್ಲ ಆಮೇಲೆ ಕೂತು ಯೋಚಿಸಿ ಹೊಂದಿಸಿದ್ದು. ಆ ಗಳಿಗೆಯಲ್ಲಿ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. ಕೂಗಿದ ಮಾತನ್ನು ನಿಜ ಮಾಡಲು ನಾನು ಮತ್ತೆ ಅದರ ಭುಜದ ಮೇಲೆ ಮೊಣಕಾಲೂರಿ ಕೂತೆ. ಸತ್ತ ಚಿಗರಿಯನ್ನು ಒತ್ತಿ ಹಿಡಿದುಕೊಂಡು ಕೂತಿದ್ದೆ.

ಅವನು ಚೂರಿ ಬೆನ್ನ ಹಿಂದೆ ಹಿಡಿದೇ ಬಂದ. ಬಗ್ಗಿದ, ದೇವರ ಹೆಸರು ಹೇಳಿದ, ಕೊಯ್ದ. ರಕ್ತ ಬಂತು. ಆದರೆ ಚಿಮ್ಮಲಿಲ್ಲ. ಓರೆ ಮಾಡಿದ ಕೊಡದಿಂದ ನೀರು ಬಂದ ಹಾಗೆ ಸುಮ್ಮನೆ ಇಳಿಯಿತು.

ಅವನು ಅದನ್ನೇ ನೋಡುತ್ತ ಕೂತ. ಚೂರಿಯನ್ನು ಹುಲ್ಲಿಗೆ ಒರೆಸಿದ. ಒರೆಸಿದ ಮೇಲೂ ಒರೆಸಿದ. ಆಮೇಲೆ ನನ್ನ ಮುಖ ನೋಡಿ ಮೆತ್ತಗೆ ಕೇಳಿದ.

"ಜಾನ್ ಇತ್ತಲ್ಲ?"

"ಇತ್ತು. ಭಾಳ ಸೋತಿತ್ತು. ಆದ್ರ ಇತ್ತು."

"ಹ್ಞೂಂ."

ಯಾವಾಗಲೂ ತಲೆಯನ್ನು ಮನೆಗೆ ಒಯ್ಯುವವನು ಅವತ್ತು ಅದನ್ನು ಅಲ್ಲೇ ಬದುವಿನ ಬುಡದಲ್ಲಿ ಹೂತ. ನೆರೆಹೊರೆಗೆ ಪಾಲು ಕೊಡುವ ರೂಢಿ ಇತ್ತು, ಅವತ್ತು ಯಾರಿಗೂ ಕೊಡಲಿಲ್ಲ. ಕೇಸಿಗೆ ಹೆದರಿ ಹೀಗೆ ಮಾಡುತ್ತಿದ್ದಾನೆ ಎಂದು ನಾನು ತಿಳಿದೆ. ಕಿವಿಯ ಹಿಂದಿನ ಗುರುತು ಮಣ್ಣಿನಡಿ ಹೋಯಿತು, ಬಚಾವಾದೆ ಎಂದು ಒಳಗೊಳಗೇ ಉಸಿರು ಬಿಟ್ಟೆ. ಎಂಥ ಮೂರ್ಖ ನಾನು.

ಮನೆಗೆ ಹೋಗಿ ತಣ್ಣೀರು ಸ್ನಾನ ಮಾಡಿದೆ. ಲಿಂಗಪೂಜೆಗೆ ಕೂತೆ. ಹೆಂಡತಿ ಮೋಟಾರು ಸರಿ ಆಯ್ತೇನ್ರಿ ಎಂದಳು. ಹ್ಞೂಂ ಅಂದೆ. ಅವತ್ತು ಬೆಳಗಿನಿಂದ ಎಷ್ಟನೆಯ ಸುಳ್ಳೋ.

ಮಧ್ಯಾಹ್ನ ಅವರ ಮನೆಯಿಂದ ಕರೆ ಬಂತು. ಹೋಗದೇ ಇರುವಂತಿರಲಿಲ್ಲ. ನಾನು ಹೋಗಿ ಹೇಳುವ ತನಕ ಅಮ್ಮ ತುತ್ತು ಎತ್ತುವವಳಲ್ಲ. ಅಂಗಳದ ಹೊರಸಿನ ಮೇಲೆ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮಸಾಲೆಯ ವಾಸನೆಗೋ ಏನೋ ಮುಖದಲ್ಲಿ ಚೂರು ಕಳೆ ಬಂದಿತ್ತು. ಮೂರು ವಾರದ ಮೇಲೆ ಮೊದಲ ಸಲ ತಾನಾಗಿಯೇ ಹಸಿವು ಎಂದಿದ್ದಳಂತೆ. ಸೊಸೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಗೆಳೆಯ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಾರಿನ ಪಾತೇಲಿಯನ್ನೇ ನೋಡುತ್ತಿದ್ದ.

"ಬಾ ಬೇಟಾ," ಎಂದಳು ಅಮ್ಮ. "ಎಷ್ಟು ದಿನ ಆತು ನಿನಗ ಈ ಮಾತು ಕೇಳಿ. ಹೇಳು, ಜಾನ್ ಇತ್ತಾ?"

ಗೆಳೆಯ ತಲೆ ಎತ್ತಿ ನನ್ನ ಕಡೆ ನೋಡಿದ. "ಹೇಳು," ಎಂದ. "ಅಮ್ಮ ಕೇಳ್ಯಾಳ. ಹೇಳು."

ಆ ದನಿಯಲ್ಲಿ ಏನಿತ್ತು ಎಂದು ನನಗೆ ಅವತ್ತು ತಿಳಿಯಲಿಲ್ಲ. ನನ್ನ ಕಣ್ಣು ಅಮ್ಮನ ಕೈಯ ಮೇಲಿತ್ತು. ಬಳೆಗಳು ಮೊಣಕೈಗೆ ಜಾರಿದ್ದವು. ಈ ಹೆಂಗಸು ಇವತ್ತು ಉಂಡರೆ ಬದುಕುತ್ತಾಳೆ ಎಂದು ಒಂದು ಮನಸ್ಸು. ಈ ಹೆಂಗಸು ನನ್ನ ಮಾತು ನಂಬಿ ಹರಾಮು ತಿನ್ನುತ್ತಾಳೆ ಎಂದು ಇನ್ನೊಂದು ಮನಸ್ಸು. ಮೂರನೆಯದೂ ಇತ್ತು, ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಈಗ ಇಲ್ಲ ಎಂದರೆ, ಹೊಲದಲ್ಲಿ ಎರಡು ಸಲ ಇತ್ತು ಎಂದವನು ಯಾರು ಎಂದು ಗೆಳೆಯ ಕೇಳಿದರೆ?

"ಇತ್ತಮ್ಮಾ," ಎಂದೆ.

"ಬಸ್. ನೀ ಅಂದಿ, ಮುಗೀತು." ಅಮ್ಮ ಸೊಸೆಗೆ ತಾಟು ತರಲು ಹೇಳಿದಳು.

ಗೆಳೆಯ ಎದ್ದ. ನಾನೇ ತರ್ತೇನಿ ಎಂದು ಸೊಸೆಯನ್ನು ಸರಿಸಿ, ಅರಿವೆಯಿಂದ ಪಾತೇಲಿಯ ಎರಡೂ ಕಿವಿ ಹಿಡಿದು ಒಲೆಯಿಂದ ಇಳಿಸಿದ. ನಾಲ್ಕು ಹೆಜ್ಜೆ ಬಂದ. ಅಂಗಳದ ಮೋರಿಯ ಹತ್ತಿರ ಎಡವಿದ. ಪಾತೇಲಿ ಬೋರಲಾಗಿ ಬಿತ್ತು. ಕುದಿಯುವ ಸಾರು ಅವನ ಎಡಗಾಲಿನ ಮೇಲೆ ಬಿದ್ದು, ಉಳಿದದ್ದು ತುಂಡುಗಳ ಸಮೇತ ಮೋರಿಗೆ ಹರಿದು ಹೋಯಿತು.

ಅಮ್ಮ ಕೂಗಿದ ಕೂಗು ಓಣಿಗೆಲ್ಲ ಕೇಳಿಸಿತು. ಜ್ವರದಲ್ಲಿ ಮೂರು ವಾರ ಮಾತು ಸತ್ತವಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ. "ನಾಲಾಯಕ! ಕಣ್ಣು ಎಲ್ಲಿಟ್ಟಿದ್ದಿ? ಕೈಗೇನು ಹುಣ್ಣಾಗಿತ್ತು? ನಿಮ್ಮ ಅಬ್ಬಾ ಇದ್ದಿದ್ರ ಒದೀತಿದ್ರು ನಿನಗ!" ಎಂದು ಬೈದಳು, ಬೈಯುತ್ತಲೇ ಅತ್ತಳು. ಸೊಸೆ ಮೋರಿಯ ಹತ್ತಿರ ಕೂತು ಒಂದೊಂದೇ ತುಂಡು ಹೆಕ್ಕಲು ಹೋದಳು. ಗೆಳೆಯ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಕಾಲಿನ ತೊಗಲು ಎದ್ದು ಬಂದಿತ್ತು. ಒಂದು ಸಲವೂ ಹಾ ಅನ್ನಲಿಲ್ಲ. ತಪ್ಪಾತು ಅಮ್ಮಾ, ತಪ್ಪಾತು ಎಂದಷ್ಟೇ ಅನ್ನುತ್ತಿದ್ದ.

ನನಗೆ ಆಗ ಏನಾಯಿತು ಎಂದು ಹೇಳಲೇಬೇಕು. ಖುಷಿಯಾಯಿತು. ಗೆಳೆಯನ ಕಾಲು ಸುಟ್ಟಿದೆ, ಅಮ್ಮ ಹಸಿದು ಅಳುತ್ತಿದ್ದಾಳೆ, ನನಗೆ ಒಳಗೆ ಹಗುರಾಯಿತು. ದೇವರೇ ಕಾಪಾಡಿದ ಎಂದುಕೊಂಡೆ. ಬೈಕು ತಂದು ಅವನನ್ನು ಹಿಂದೆ ಕೂರಿಸಿಕೊಂಡು ಅಫಜಲಪುರದ ದವಾಖಾನೆಗೆ ಒಯ್ದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವನು ಒಂದು ಮಾತೂ ಆಡಲಿಲ್ಲ, ಉರಿ ಇರಬೇಕು ಎಂದುಕೊಂಡೆ.

ದಿನ ಬಿಟ್ಟು ದಿನ ಡ್ರೆಸಿಂಗಿಗೆ ಹೋಗಬೇಕಿತ್ತು. ನಾನೇ ಒಯ್ಯುತ್ತಿದ್ದೆ. ಮೂರನೆಯ ಸಲ ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸು ಎಂದ. ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವನು ಬ್ಯಾಂಡೇಜಿನ ಕಾಲು ಚಾಚಿ ಕಲ್ಲಿನ ಮೇಲೆ ಕೂತ.

"ಕಿವಿ ಹಿಂದ ನನ್ನ ಕೈ ಹತ್ತಿತ್ತು," ಎಂದ. "ಎಲುಬು ಒಳಗ ಹೋಗಿತ್ತು."

ನಾನು ಗಾಡಿಯ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಚಿಕ್ಕಂದಿನಿಂದ ಕೊಯ್ಯಾಕತ್ತೇನಿ. ಜೀವ ಇದ್ದಾಗ ರಕ್ತ ಹ್ಯಾಂಗ ಬರ್ತದ ಅಂತ ನನಗ ಗೊತ್ತಿಲ್ಲೇನು?"

"ಹಂಗಾದ್ರ ಅಲ್ಲೇ ಯಾಕ ಬೈಲಿಲ್ಲ ನನಗ?"

"ಬೈದ್ರ ನೀ ಹೌದಂತಿದ್ದಿ. ನಾ ಹಿಡದು ಹೇಳ್ಸೋದಲ್ಲ ಅದು. ನೀನಾಗೇ ಹೇಳ್ತಿ ಅಂತ ಹೊಲದಾಗ ಕೇಳಿದೆ. ಹೇಳಲಿಲ್ಲ. ಮನ್ಯಾಗ ಅಮ್ಮನ ಮುಂದರೆ ಹೇಳ್ತಿ ಅನಕೊಂಡೆ. ಒಲಿ ಮ್ಯಾಲ ಸಾರು ಕುದಿಯೋತನಕ ಕಾದೆ ನಿನಗ. ಕಡೀಕ ಚೆಲ್ಲಬೇಕಾತು."

"ಎಂಜಿನ್ ಸಪ್ಪಳ ಆತು. ಹೆದರಿದೆ. ಮತ್ತ ಅದು ಒದರಾಕತ್ತಿತ್ತು, ನೋಡಾಕ ಆಗಲಿಲ್ಲ..."

"ಕೊಂದಿದ್ದಕ್ಕ ಸಿಟ್ಟಿಲ್ಲ ನನಗ," ಎಂದ. ಅವನ ದನಿ ಏರಲೇ ಇಲ್ಲ, ಏರಿದ್ದರೆ ನನಗೆ ಚಲೋ ಇರುತ್ತಿತ್ತು. "ಹೊಡದಾಂವ ನಾನು. ಗುಂಡು ತಪ್ಪಿದ್ದು ನನ್ನ ಕೈಲೆ. ಆ ಜಾಗದಾಗ ನಾ ಇದ್ರೂ ಕೊಲ್ತಿದ್ನೋ ಏನೋ. ಸತ್ತದ ಅಂದಿದ್ರ ಅಲ್ಲೇ ಬಿಟ್ಟು ಬರ್ತಿದ್ದೆವು. ಅಮ್ಮ ಬ್ಯಾಳಿ ಸಾರು ಉಣ್ತಿದ್ದಳು. ಅಷ್ಟೇ ಇತ್ತು ಅದು."

ಅಷ್ಟೇ ಇತ್ತು. ನಾನು ಅತ್ತೆ, ರಸ್ತೆಯ ಬದಿಯಲ್ಲಿ, ಹೋಗುವವರು ನೋಡುತ್ತಿದ್ದರೂ. ಇವತ್ತೇ ಬಂದು ಅಮ್ಮನ ಕಾಲು ಹಿಡಿದು ಎಲ್ಲ ಹೇಳುತ್ತೇನೆ ಎಂದೆ. ನಿನ್ನನ್ನು ಸುಮ್ಮನೆ ನಾಲಾಯಕ ಎಂದು ಬೈಯುತ್ತಿದ್ದಾಳೆ, ಬಂದವರಿಗೆಲ್ಲ ಅದನ್ನೇ ಹೇಳಿಕೊಳ್ಳುತ್ತಿದ್ದಾಳೆ, ನನಗೆ ಕೇಳಲಾಗುತ್ತಿಲ್ಲ ಎಂದೆ.

"ಹೇಳಬ್ಯಾಡ," ಎಂದ. "ಹೇಳಿದ್ರ ನಿನಗ ಹಗುರ ಆಗ್ತದ. ಆಕಿಗಿ? ಇಪ್ಪತ್ತೈದು ವರ್ಷ ನಿನ್ನ ಮಾತಿನ ಮ್ಯಾಲ ಉಂಡಾಳ. ಇದು ಸುಳ್ಳಂತ ಗೊತ್ತಾದ್ರ ಹಿಂದ ಉಂಡಿದ್ದೆಲ್ಲಾ ನೆನಪ ಮಾಡಕೋತ ಕೂಡ್ತಾಳ. ಯಾವುದು ಖರೇ, ಯಾವುದು ಸುಳ್ಳು ಅಂತ. ಈ ವಯಸ್ಸಿನಾಗ ಆ ನಮೂನಿ ತ್ರಾಸು ಆಕಿಗಿ ಬ್ಯಾಡ. ನನಗ ಬೈಲಿ, ಬಿಡು."

ಬ್ಯಾಂಡೇಜಿನ ಅಂಚು ಸರಿಮಾಡಿಕೊಂಡ. ನನ್ನ ಕಡೆ ನೋಡದೆ ಕೇಳಿದ.

"ಮದಲ ಎಂದಾದ್ರೂ ಹಿಂಗ ಆಗಿತ್ತೇನು?"

"ಇಲ್ಲ," ಎಂದೆ. "ಇದೊಂದೇ ಸಲ."

ಅದು ನಿಜ. ನನ್ನ ಮಕ್ಕಳ ಆಣೆ, ಅದು ನಿಜ. ಆದರೆ ಹೊಲದಲ್ಲಿ 'ಇತ್ತು' ಎಂದ ಬಾಯಿಯೇ ಈಗ 'ಇಲ್ಲ' ಎಂದಿತ್ತು, ದನಿಯೂ ಅದೇ ಆಗಿತ್ತು. ಅವನು ತಲೆಯಾಡಿಸಿ, ನಡಿ ಅಮ್ಮ ಕಾಯಾಕತ್ತಿರ್ತಾಳ ಎಂದ. ನನ್ನ ಹೆಗಲಿಗೆ ಕೈ ಕೊಟ್ಟು ಎದ್ದು ಗಾಡಿಯ ಮೇಲೆ ಕೂತ. ನಂಬಿದನೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಬಂದೂಕನ್ನು ಆ ತಿಂಗಳೇ ಠಾಣೆಗೆ ಒಪ್ಪಿಸಿದ. ಅಮ್ಮ ನಿಧಾನಕ್ಕೆ ಚೇತರಿಸಿಕೊಂಡಳು. ಬೇಳೆ ಸಾರು ಉಂಡೇ ಚೇತರಿಸಿಕೊಂಡಳು. ಗೆಳೆಯನೂ ನಾನೂ ಮೊದಲಿನ ಹಾಗೆಯೇ ಇದ್ದೇವೆ. ಒಬ್ಬರ ಹೊಲದಲ್ಲಿ ಒಬ್ಬರು ಚಹಾ ಕುಡಿಯುತ್ತೇವೆ, ಮಳೆಗೆ, ಮೋಟಾರಿಗೆ ಬೈಯುತ್ತೇವೆ. ಏನೂ ಆಗಿಲ್ಲ ಎಂದು ನನಗೇ ಅನಿಸಲು ಶುರುವಾಗಿತ್ತು.

ಹೋದ ಬಕ್ರೀದಿಗೆ ಕರೆದರು. ಎಂದಿನಂತೆ ಹೋತದ ಕಾಲು ಹಿಡಿಯಲು ನಾನು ಕೂತೆ. ಅವನು ಕೊಯ್ದ. ರಕ್ತ ಅಂಗಳದ ಗೋಡೆಯ ತನಕ ಚಿಮ್ಮಿತು. ಅಡಿಗೆ ಆಗಿ ಊಟಕ್ಕೆ ಕರೆದಾಗ ಕೈಕಾಲು ತೊಳೆದು ಒಳಗೆ ಬಂದೆ, ಅಮ್ಮ ತಾಟು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಪ್ಪಳದಿಂದಲೇ ನನ್ನ ಗುರುತು ಹಿಡಿಯುತ್ತಾಳೆ.

"ಬೇಟಾ, ಜಾನ್ ಇತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ಹೇಳಿದ. "ಇತ್ತಮ್ಮಾ. ನಾನೇ ನೋಡೇನಿ."

"ನಿನಗ ಯಾರು ಕೇಳಿದ್ರು?" ಎಂದು ಅಮ್ಮ ರೇಗಿದಳು. "ಸಾರು ಚೆಲ್ಲಾಂವ ನೀ. ಸುಮ್ಮಕಿರು. ನಾ ಅವಗ ಕೇಳಾಕತ್ತೇನಿ."

ಅವನು ತಲೆ ತಗ್ಗಿಸಿದ. ಅಮ್ಮ ಕಾಣದ ಕಣ್ಣು ನನ್ನ ಕಡೆ ತಿರುಗಿಸಿ, ತುತ್ತು ಮುಟ್ಟದೆ ಕಾಯುತ್ತ ಕೂತಳು.

"ಇತ್ತಮ್ಮಾ," ಎಂದೆ.

ಅವಳು ಉಂಡಳು.